ಕಾವೇರಿ ನಮ್ಮನೆಗೂ ಬಂದಿದ್ದಳು



ಹೋದ ಸಲ ಹಲಸಿನ ಹಪ್ಪಳದ ವಿಷಯ ಬರೆಯುತ್ತಾ, ಹಪ್ಪಳ ಒತ್ತುವಾಗ ನಾವು ಹೆಂಗಸರೆಲ್ಲ ಹಳೇ ಸಿನಿಮಾಗಳ ಕಥೆ ಹೇಳಿಕೊಂಡು ಹೊತ್ತು ಕಳೆಯುತ್ತೇವೆ ಅಂತ ಒಂದು ಸಾಲು ಬರೆದಿದ್ದೆ. ಅಷ್ಟಕ್ಕೇ ಒಬ್ಬ ಸೋದರಿ ಎರಡು ಪುಟದ ಕಾಗದ ಬರೆದಿದ್ದಾರೆ. "ಸಿನಿಮಾ ನೋಡಿ ಸಂಸಾರ ಕಲಿಯುವುದುಂಟೇ? ನಮ್ಮ ಅತ್ತೆಯವರು ಟಿ.ವಿ. ಮುಂದೆ ಕೂತು ಸೆರಗು ಒದ್ದೆಯಾಗುವಷ್ಟು ಅಳುತ್ತಾರೆ. ಎದ್ದು ಬಂದವರೇ ನನ್ನ ಮೇಲೆ ಹರಿಹಾಯುತ್ತಾರೆ. ಆ ಕಣ್ಣೀರಿನಿಂದ ಯಾರಿಗೆ ಏನು ಬಂತು, ನೀವೇ ಹೇಳಿ" ಎಂದು ಕೇಳಿದ್ದಾರೆ.

ಸೋದರಿ, ನಿಮ್ಮ ಪ್ರಶ್ನೆ ನ್ಯಾಯವಾಗಿಯೇ ಇದೆ. ಸಿನಿಮಾ ನೋಡುವಾಗಿನ ಕಣ್ಣೀರು ಈರುಳ್ಳಿ ಹೆಚ್ಚುವಾಗಿನ ಕಣ್ಣೀರಿನ ಹಾಗೆ, ಮುಖ ತೊಳೆದರೆ ಹೋಯಿತು. ನಾನೇನೂ ಓದಿದವಳಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿದ ಮೇಲೆ ಹಿಡಿದದ್ದು ಸೌಟು. ಆದರೂ ನಾನು ಕಂಡ ಮಟ್ಟಿಗೆ ಒಂದು ಮಾತು ಹೇಳುತ್ತೇನೆ. ಸಿನಿಮಾ ನೋಡುವಾಗ ಕಲಿಯುವುದು ಕಮ್ಮಿ. ಎಷ್ಟೋ ವರ್ಷದ ಮೇಲೆ, ಮನೆಯಲ್ಲಿ ಯಾರಿಗೂ ಬಾಯಿಬಿಟ್ಟು ಹೇಳಲಾರದ ಒಂದು ಸಂಗತಿ ಎದುರಾದಾಗ, ಆ ಸಿನಿಮಾದ ಹೆಸರು ತಾನಾಗಿ ನಾಲಿಗೆಗೆ ಬರುತ್ತದಲ್ಲ, ಆಗ ಅದು ಕೆಲಸ ಮಾಡುತ್ತದೆ.

ನಮ್ಮ ಅಜ್ಜಿಯ ಮಾತು ಕೇಳಿ. ನಾನು ಆಗ ಪ್ರೈಮರಿ ಸ್ಕೂಲಿನಲ್ಲಿದ್ದೆ. ಅಪ್ಪ, ಚಿಕ್ಕಪ್ಪ ಇಬ್ಬರೂ ಪಾಲಾದರು. ತೆಂಗಿನ ತೋಟ, ಮನೆ, ಪಾತ್ರೆ ಪಗಡ, ಕೊನೆಗೆ ಒರಳುಕಲ್ಲಿನ ತನಕ ಎಲ್ಲ ಹಂಚಿಕೆಯಾದ ಮೇಲೆ ತಾತ ನಮ್ಮ ಪಾಲಿಗೆ, ಅಜ್ಜಿ ಚಿಕ್ಕಪ್ಪನ ಪಾಲಿಗೆ ಅಂತ ಪಂಚಾಯಿತಿಯಲ್ಲಿ ಮಾತಾಯಿತು. ಕೆಟ್ಟ ಮನಸ್ಸಿನಿಂದ ಅಲ್ಲ. ಚಿಕ್ಕಮ್ಮನಿಗೆ ಎಳೇ ಕೂಸು, ನೋಡಿಕೊಳ್ಳಲು ಅಜ್ಜಿ ಬೇಕು. ತೋಟಕ್ಕೆ ನೀರು ಬಿಡಲು ಅಪ್ಪನಿಗೆ ತಾತ ಬೇಕು. ದೊಡ್ಡವರೆಲ್ಲ ಸರಿ ಸರಿ ಅಂದರು. ಅಲ್ಲಿಯವರೆಗೂ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದ ಅಜ್ಜಿ, "ಅಂತೂ ನಮ್ಮನ್ನ ಸ್ಕೂಲ್ ಮಾಸ್ಟರ್ ಮಾಡ್ಬಿಟ್ರಿ ಕಣ್ರೋ" ಅಂದರು. ಅಷ್ಟೇ. ಇನ್ನೊಂದು ಮಾತಿಲ್ಲ.

ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ. 'ಸ್ಕೂಲ್ ಮಾಸ್ಟರ್' 1958ರ ಚಿತ್ರ. ಬಿ.ಆರ್. ಪಂತುಲು ಅವರೇ ನಿರ್ದೇಶಿಸಿ ಮೇಷ್ಟ್ರ ಪಾತ್ರ ಮಾಡಿದ್ದರು, ಎಂ.ವಿ. ರಾಜಮ್ಮ ಅವರು ಹೆಂಡತಿ. ಜೀವನವೆಲ್ಲ ಮಕ್ಕಳಿಗಾಗಿ ಸವೆಸಿದ ಆ ದಂಪತಿಯನ್ನು ಕೊನೆಗಾಲದಲ್ಲಿ ಮಕ್ಕಳು ಒಬ್ಬೊಬ್ಬರು ಒಬ್ಬೊಬ್ಬರನ್ನು ಇಟ್ಟುಕೊಂಡು ಬೇರೆ ಮಾಡುತ್ತಾರೆ. ಕೊನೆಗೆ ಅವರ ಕೈ ಹಿಡಿಯುವವನು ಹೊಟ್ಟೆಯಲ್ಲಿ ಹುಟ್ಟಿದ ಮಗನಲ್ಲ, ಹಿಂದೆ ಮೇಷ್ಟ್ರು ತಿದ್ದಿ ದಾರಿಗೆ ತಂದಿದ್ದ ಒಬ್ಬ ಶಿಷ್ಯ. ಪಂಚಾಯಿತಿಗೆ ಕೂತಿದ್ದವರೆಲ್ಲ ಆ ಚಿತ್ರ ನೋಡಿದವರೇ, ನೋಡಿ ಮೇಷ್ಟ್ರಿಗಾಗಿ ಮರುಗಿದವರೇ. ಅಜ್ಜಿ ಆ ಹೆಸರು ಹೇಳಿದ ಕೂಡಲೆ ಅಪ್ಪ ತಲೆ ತಗ್ಗಿಸಿದರು. ಆಮೇಲೆ ತಾತ ಅಜ್ಜಿ ಇಬ್ಬರೂ ಸಾಯುವ ತನಕ ನಮ್ಮ ಮನೆಯ ನಡುಮನೆಯಲ್ಲೇ ಇದ್ದರು. "ನನ್ನನ್ನೂ ಅವರನ್ನೂ ಅಗಲಿಸಬೇಡಿ" ಎಂದು ಅಜ್ಜಿ ನೇರವಾಗಿ ಹೇಳಬಹುದಿತ್ತಲ್ಲ ಎನ್ನುವಿರಾ? ಆ ಕಾಲದ ಹೆಂಗಸು, ಅರವತ್ತು ದಾಟಿದವಳು, ಹತ್ತು ಜನ ಗಂಡಸರ ಎದುರು ಗಂಡನ ಜೊತೆ ಇರುತ್ತೇನೆ ಅಂತ ಹೇಗೆ ಬಾಯಿ ಬಿಟ್ಟಾಳು?

ಹಾಗಂತ ಸಿನಿಮಾದಲ್ಲಿ ಕಂಡದ್ದೆಲ್ಲ ಮನೆಗೆ ತರುವಂಥದ್ದಲ್ಲ, ಅದೂ ಹೇಳಿಬಿಡುತ್ತೇನೆ. 1972ರ 'ಬಂಗಾರದ ಮನುಷ್ಯ' ನಿಮಗೆಲ್ಲ ಗೊತ್ತು. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಚಿತ್ರ, ಅದನ್ನು ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಬೇಸಾಯಕ್ಕೆ ಹೋದವರಿದ್ದಾರೆ ಎನ್ನುತ್ತಾರೆ. ಅದರಲ್ಲಿ ರಾಜೀವಪ್ಪನ ಮೇಲೆ ಅವನೇ ಸಾಕಿದ ಅಕ್ಕನ ಮಗ ಅನುಮಾನದ ಮಾತಾಡುತ್ತಾನೆ. ಸತ್ತ ಭಾವನ ಮರ್ಯಾದೆ ಉಳಿಸಲು ರಾಜೀವ ಮುಚ್ಚಿಟ್ಟಿದ್ದ ಗುಟ್ಟೇ ಅವನಿಗೆ ಮುಳುವಾಗುತ್ತದೆ. ಅವನು ಒಂದು ಮಾತೂ ಎದುರಾಡದೆ, ಊಟದ ಮುಂದಿನಿಂದ ಎದ್ದು ಮನೆ ಬಿಟ್ಟು ಹೋಗುತ್ತಾನೆ. ನಮ್ಮ ತಂದೆಗೆ ಈ ದೃಶ್ಯ ತುಂಬ ಹಿಡಿಸಿಬಿಟ್ಟಿತ್ತು. ಯಾವ ಮಾತಿಗೆ ನೋವಾದರೂ ಎಲೆ ಮುಂದಿನಿಂದ ಎದ್ದು ಹೆಗಲಿಗೆ ಟವೆಲು ಹಾಕಿಕೊಂಡು ಹೊರಟೇಬಿಡುತ್ತಿದ್ದರು. ಅಮ್ಮ ಒಂದು ಸಲ ತಡೆಯಲಾರದೆ, "ರಾಜಕುಮಾರು ಎದ್ದು ಹೋದ್ರೆ ಅಲ್ಲಿಗೆ ಪಿಚ್ಚರ್ ಮುಗೀತದೆ. ನೀವು ಎದ್ದು ಹೋದ್ರೆ ರಾತ್ರಿ ಮತ್ತೆ ಊಟಕ್ಕೆ ಬರ್ಲೇಬೇಕು, ನಾನೇ ಬಿಸಿ ಮಾಡ್ಬೇಕು" ಅಂದರು. ರಾಜೀವಪ್ಪ ಅಲ್ಲೇ ಕೂತು ಇರುವ ಸಂಗತಿ ಹೇಳಿಬಿಟ್ಟಿದ್ದರೆ ಆ ಅಕ್ಕ ಅಷ್ಟು ಗೋಳಾಡುವುದು ತಪ್ಪುತ್ತಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ಅಭಿಮಾನಿಗಳು ಬೇಜಾರು ಮಾಡಿಕೊಳ್ಳಬಾರದು!

ಇಷ್ಟೆಲ್ಲ ಪೀಠಿಕೆ ಹಾಕಿದ್ದು 'ಶರಪಂಜರ'ದ ಮಾತಿಗಾಗಿ. ಈ ವಿಷಯ ಬರೆಯಬೇಕೋ ಬೇಡವೋ ಅಂತ ಹತ್ತು ದಿನ ಯೋಚನೆ ಮಾಡಿದೆ. ನನ್ನ ಓರಗಿತ್ತಿಯ ಕಥೆ ಇದು. ಅವಳನ್ನೇ ಕೇಳಿದೆ. "ಬರೀರಿ ಅಕ್ಕ, ನನ್ನ ಹೆಸರು ಮಾತ್ರ ಬೇಡ. ಆದ್ರೆ ನಿಮ್ಮದನ್ನೂ ಬರೀಬೇಕು" ಅಂದಳು. ಅವಳು ಹಾಕಿದ ಷರತ್ತಿನಂತೆ ನನ್ನದನ್ನೂ ಬರೆಯುತ್ತಿದ್ದೇನೆ.

'ಶರಪಂಜರ' ತ್ರಿವೇಣಿಯವರ ಕಾದಂಬರಿ. ಪುಟ್ಟಣ್ಣ ಕಣಗಾಲರು 1971ರಲ್ಲಿ ಅದನ್ನು ಚಿತ್ರ ಮಾಡಿದರು, ಕಾವೇರಿಯಾಗಿ ಕಲ್ಪನಾ, ಗಂಡ ಸತೀಶನಾಗಿ ಗಂಗಾಧರ್. ತ್ರಿವೇಣಿಯವರ ನಿಜವಾದ ಹೆಸರು ಅನಸೂಯ ಶಂಕರ್. ಪಾಪ, 1963ರಲ್ಲೇ, ಇನ್ನೂ ಸಣ್ಣ ವಯಸ್ಸಿನಲ್ಲಿ ತೀರಿಕೊಂಡ ಆಕೆಗೆ ಈ ಚಿತ್ರ ನೋಡುವ ಯೋಗವಿರಲಿಲ್ಲ. ಮನಸ್ಸಿನ ಕಾಯಿಲೆಯ ವಿಷಯವನ್ನು ಒಬ್ಬ ಹೆಂಗಸು ಹೆಂಗಸರಿಗೆ ಅರ್ಥವಾಗುವಂತೆ ಆ ಕಾಲದಲ್ಲೇ ಬರೆದಿದ್ದರಲ್ಲ, ಅದು ದೊಡ್ಡದು.

ಕಥೆ ನಿಮಗೆ ನೆನಪಿರಬೇಕು. ಕಾವೇರಿ, ಸತೀಶ ಪ್ರೀತಿಸಿ ಮದುವೆಯಾದವರು. ಕಣ್ಣು ಬೀಳುವಂಥ ಸಂಸಾರ. ಎರಡನೇ ಹೆರಿಗೆಯಾದ ಮೇಲೆ ಕಾವೇರಿಯ ಮನಸ್ಸು ಕೆಡುತ್ತದೆ, ಆ ಸ್ಥಿತಿಯಲ್ಲಿ ಮದುವೆಗೆ ಮುಂಚಿನ ಒಂದು ಕಹಿ ಸಂಗತಿ ಬಯಲಾಗುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ. ಚಿಕಿತ್ಸೆಯಾಗಿ ಗುಣವಾಗಿ ಮನೆಗೆ ಬರುತ್ತಾಳೆ. ಗಮನಿಸಿ ಸೋದರಿಯರೇ, ಗುಣವಾಗಿಯೇ ಬರುತ್ತಾಳೆ. ಆದರೆ ಮನೆ ಅವಳನ್ನು ಮೊದಲಿನ ಕಾವೇರಿ ಅಂತ ಒಪ್ಪುವುದಿಲ್ಲ. ಗಂಡ ದೂರ ದೂರ. ಅಕ್ಕಪಕ್ಕದವರ ಪಿಸುಮಾತು. ಸತೀಶನಿಗೆ ಬೇರೊಬ್ಬಳ ಸಂಬಂಧ ಬೇರೆ. ಅದು ತಿಳಿದ ಮೇಲೆ ಅವಳ ಮನಸ್ಸು ಮತ್ತೆ ಒಡೆದು ಅದೇ ಆಸ್ಪತ್ರೆಗೆ ಹೋಗುತ್ತಾಳೆ. ನಾನು ಮೊದಲು ನೋಡಿದ್ದು ದೂರದರ್ಶನದಲ್ಲಿ, ಒಂದು ಭಾನುವಾರ, ವಠಾರದಲ್ಲಿ ಟಿ.ವಿ. ಇದ್ದ ಒಂದೇ ಮನೆಯಲ್ಲಿ ಹದಿನೈದು ಜನರ ಮಧ್ಯೆ ಕೂತು. ಸತೀಶನನ್ನು ಬಯ್ಯದವರಿಲ್ಲ. ನಾನಂತೂ "ಇಂಥ ಗಂಡನಿಗೆ ಬೆಂಕಿ ಹಾಕ" ಅಂತ ಜೋರಾಗಿಯೇ ಅಂದು ಅಮ್ಮನ ಕೈಲಿ ತಿವಿಸಿಕೊಂಡಿದ್ದೆ.

ಇನ್ನು ನಮ್ಮ ಮನೆಗೆ ಬನ್ನಿ. 2012ರ ಮಾರ್ಚ್‌ನಲ್ಲಿ ನನ್ನ ಓರಗಿತ್ತಿಗೆ ತೌರಿನಲ್ಲಿ ಚೊಚ್ಚಲು ಹೆರಿಗೆ. ಹೆಣ್ಣು ಮಗು, ಸುಖವಾಗಿಯೇ ಆಯಿತು. ಐದನೇ ದಿನಕ್ಕೆ ಅವಳಿಗೆ ನಿದ್ದೆ ಹೋಯಿತು. ಮಗು ಮಲಗಿದರೂ ಇವಳು ಮಲಗಳು. ಮಾತು, ಮಾತು, ಒಂದಕ್ಕೊಂದು ಸಂಬಂಧವಿಲ್ಲದ ಮಾತು. ಮಗುವನ್ನು ಯಾರೋ ಬದಲಾಯಿಸಿದ್ದಾರೆ ಅಂದಳು. ಗೋಡೆಯ ಕಡೆ ನೋಡಿ ಯಾರಿಗೋ ಉತ್ತರ ಕೊಟ್ಟಳು. ಹಿರಿಯರು 'ಬಾಣಂತಿ ಸನ್ನಿ' ಅಂದರು, ಗಾಳಿ ಸೋಕಿದೆ ಅಂದರು, ಯಂತ್ರ ಕಟ್ಟಿಸಿದರು, ನಿಂಬೆಹಣ್ಣು ನಿವಾಳಿಸಿದರು. ಹೀಗೆ ಒಂದು ವಾರ ಕಳೆಯಿತು. ಆ ಒಂದು ವಾರ ನೆನೆಸಿಕೊಂಡರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ. ಪುಣ್ಯಕ್ಕೆ ಅವಳ ಸೋದರಮಾವ ಒಬ್ಬರು ಎಲ್ಲರನ್ನೂ ಗದರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಐದು ವಾರ ಆಸ್ಪತ್ರೆ. ಆಮೇಲೆ ತೌರಿನಲ್ಲಿ ವಿಶ್ರಾಂತಿ. ಶ್ರಾವಣದಲ್ಲಿ ಮಗು ಎತ್ತಿಕೊಂಡು ನಮ್ಮ ಮನೆಗೆ ಬಂದಳು. ಡಾಕ್ಟರು ಹೇಳಿ ಕಳಿಸಿದ್ದು ಇಷ್ಟು. ಮಾತ್ರೆ ಒಂದು ದಿನವೂ ತಪ್ಪಬಾರದು, ನಾವು ಹೇಳುವ ತನಕ ನೀವಾಗಿ ನಿಲ್ಲಿಸಬಾರದು. ರಾತ್ರಿ ನಿದ್ದೆ ಕೆಡಬಾರದು, ಮಗು ಎದ್ದರೆ ಬೇರೆಯವರು ಎತ್ತಿಕೊಳ್ಳಿ. ಈಗ ಮನಸ್ಸು ತಿಳಿಯಾಗಿದೆ, ಮಗುವಿನ ಕೆಲಸ ಅವರ ಕೈಯಲ್ಲೇ ಮಾಡಿಸಿ, ಮನೆಕೆಲಸವೂ ಮಾಡಲಿ.

ಇದರಲ್ಲಿ ನಾವು ಪಾಲಿಸಿದ್ದು ಮಾತ್ರೆಯ ಮಾತೊಂದೇ. ಉಳಿದದ್ದನ್ನು ನಮ್ಮ ಭಯ ಪಾಲಿಸಲು ಬಿಡಲಿಲ್ಲ. ನಾನು ಏನು ಮಾಡಿದೆ ಗೊತ್ತೇ? ಅವಳು ಬರುವ ಹಿಂದಿನ ದಿನ ಈಳಿಗೆಮಣೆ, ಚಾಕು, ಕತ್ತರಿ ಎಲ್ಲವನ್ನೂ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆ. ತರಕಾರಿಯನ್ನು ಹಿತ್ತಲಿನಲ್ಲಿ ಕದ್ದು ಹೆಚ್ಚಿ ತರುತ್ತಿದ್ದೆ. ಬಚ್ಚಲಮನೆ ಬಾಗಿಲಿನ ಒಳಚಿಲಕ ಬಿಚ್ಚಿಸಿದೆ. ಮಗುವಿಗೆ ಎಣ್ಣೆ ಒತ್ತಿ ನೀರು ಹಾಕುವುದು ನಾನೇ, ತೂಗುವುದು ನಾನೇ. ಅವಳು ಕೈ ಚಾಚಿದರೆ, "ನೀನು ಸುಧಾರಿಸ್ಕೊಳ್ಳಮ್ಮ, ನಾನಿದೀನಲ್ಲ" ಅನ್ನುತ್ತಿದ್ದೆ. ಮಾತಿನಲ್ಲಿ ಜೇನು. ನೋಡಿದವರೆಲ್ಲ, ಓರಗಿತ್ತಿ ಅಂದರೆ ಹೀಗಿರಬೇಕು ಅಂತ ನನ್ನನ್ನು ಹೊಗಳಿದರು. ನನಗೂ ಹೌದೆನ್ನಿಸಿತ್ತು.

ಇನ್ನೊಂದು ಸಂಗತಿ ಇದಕ್ಕಿಂತ ಕೆಟ್ಟದ್ದು. ಅವಳು ಸ್ವಲ್ಪ ಜೋರಾಗಿ ನಕ್ಕರೆ ನಾನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು. ಸುಮ್ಮನೆ ಕೂತರೂ ನೋಡಿಕೊಳ್ಳುತ್ತಿದ್ದೆವು. ಒಂದು ದಿನ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು, ನಾನೇ ಎರಡು ಸಲ ಹಾಕಿದ್ದೆ. ಅವಳು "ಅಕ್ಕ, ಬಾಯಿಗಿಡಕ್ಕೆ ಆಗಲ್ಲ, ನೋಡಿ ಹಾಕ್ಬಾರ್ದಾ?" ಅಂತ ರೇಗಿದಳು. ಆರೋಗ್ಯವಾಗಿರುವ ಯಾವ ಹೆಂಗಸೂ ರೇಗುವಷ್ಟೇ ರೇಗಿದ್ದಳು. ನಾನು ಏನು ಅಂದೆ? "ಮಾತ್ರೆ ತಗೊಂಡ್ಯಾ?" ಅಂದೆ.

ಅವಳು ತಟ್ಟೆಗೆ ಕೈ ತೊಳೆದು ಎದ್ದು ಹೋದಳು. ಆಮೇಲೆ ಅವಳು ರೇಗುವುದನ್ನೇ ಬಿಟ್ಟಳು. ಕೋಪ ಬಂದರೂ ಕಾಯಿಲೆ, ಅಳು ಬಂದರೂ ಕಾಯಿಲೆ, ನಗು ಬಂದರೂ ಕಾಯಿಲೆ ಅಂದಮೇಲೆ ಮನುಷ್ಯಳು ಏನು ಮಾಡಬೇಕು ಹೇಳಿ.

ಊರಿನವರೂ ಕಮ್ಮಿ ಇರಲಿಲ್ಲ. ಗೌರಿ ಹಬ್ಬಕ್ಕೆ ಪಕ್ಕದ ಬೀದಿಯವರೊಬ್ಬರು ಅರಿಶಿನ ಕುಂಕುಮಕ್ಕೆ ಕರೆಯಲು ಬಂದರು. ಅತ್ತೆಗೆ ಹೇಳಿದರು, ನನಗೆ ಹೇಳಿದರು, ಕುಂಕುಮದ ಭರಣಿ ಮುಚ್ಚಿ ಹೊರಟರು. ಅವಳು ನಡುಮನೆಯ ಬಾಗಿಲಲ್ಲಿ ಹೊಸ ಸೀರೆ ಉಟ್ಟು ನಿಂತಿದ್ದಳು. ಹಸುಗೂಸಿನ ತಾಯಿ, ಮುತ್ತೈದೆ! "ಇವಳಿಗೂ ಕೊಡಿ" ಅಂತ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಜಗಳ ಯಾಕೆ ಅಂತ ಸುಮ್ಮನಾದೆ. ವಠಾರದಲ್ಲಿ ಕೂತು ಸತೀಶನಿಗೆ ಬೆಂಕಿ ಹಾಕಲು ಹೊರಟಿದ್ದವಳು ಇವಳೇ.

ಮೈದುನನ ವಿಷಯ ಬರೆಯಲು ಸಂಕೋಚ. ಒಳ್ಳೆಯ ಹುಡುಗ. ಆದರೆ ಹೆಂಡತಿ ಬಂದಾಗಿನಿಂದ ಹಾಸಿಗೆ ಸುತ್ತಿಕೊಂಡು ಜಗುಲಿಯಲ್ಲಿ ಮಲಗಲು ಶುರು ಮಾಡಿದ್ದ. ಕೇಳಿದರೆ, "ಸೆಕೆ" ಅನ್ನುತ್ತಿದ್ದ. ಶ್ರಾವಣದಲ್ಲಿ ಎಂಥ ಸೆಕೆ! ಅಂಗಡಿಯಿಂದ ಬರುವುದು ತಡವಾಗತೊಡಗಿತು. ಬೇರೆ ಸಂಬಂಧ ಗಿಂಬಂಧ ಏನೂ ಇರಲಿಲ್ಲ, ಬರೇ ಹೆದರಿಕೆ. ಯಾರೂ ಅವನಿಗೆ ಏನೂ ಹೇಳಲಿಲ್ಲ. ಗಂಡ ಹೆಂಡತಿ ವಿಷಯ, ಅತ್ತಿಗೆಯಾದ ನಾನು ಹೇಗೆ ಹೇಳಲಿ? ಅತ್ತೆಗಾದರೂ ಬೆಳೆದ ಮಗನಿಗೆ ಆ ಮಾತು ಹೇಗೆ ಹೇಳುವುದೆಂಬ ಸಂಕಟ.

ದಸರೆಗೆ ಮುಂಚೆ ಒಂದು ಭಾನುವಾರ ಮಧ್ಯಾಹ್ನ, ಊಟವಾಗಿ ಎಲ್ಲರೂ ನಡುಮನೆಯಲ್ಲಿದ್ದೆವು. ಟಿ.ವಿ. ಹಾಕಿದರೆ 'ಶರಪಂಜರ' ಶುರುವಾಗುತ್ತಿದೆ. ನನ್ನ ಕೈಕಾಲೇ ಆಡಲಿಲ್ಲ. ಎದ್ದು ಬೇರೆ ಚಾನೆಲ್ ಹಾಕಲು ಹೋದೆ. ಅವಳು ಮಗುವಿಗೆ ಹಾಲು ಕುಡಿಸುತ್ತಾ ಗೋಡೆಗೆ ಒರಗಿದ್ದವಳು, "ಇರ್ಲಿ ಬಿಡಿ ಅಕ್ಕ, ಒಳ್ಳೇ ಪಿಚ್ಚರು" ಅಂದಳು. ಅತ್ತೆ ಹುಡುಗಿಯಾಗಿದ್ದಾಗ ಟೆಂಟಿನಲ್ಲಿ ನೋಡಿದ್ದ ಚಿತ್ರ ಅದು. ಮೈದುನ ಎದ್ದು ಹೊರಗೆ ಹೋಗಲು ನೋಡಿದ. ಅತ್ತೆ "ಕೂತ್ಕೊಳೋ" ಅಂದರು, ಕೂತ.

ಮೂರು ಗಂಟೆ ನಾನು ಚಿತ್ರ ನೋಡಲಿಲ್ಲ, ಅವಳನ್ನೇ ಓರೆಗಣ್ಣಿನಿಂದ ನೋಡುತ್ತಿದ್ದೆ. ಅದು ಅವಳಿಗೂ ಗೊತ್ತಿತ್ತು. ಕಾವೇರಿ ಆಸ್ಪತ್ರೆಯಿಂದ ಮನೆಗೆ ಬಂದ ಭಾಗ ಶುರುವಾದಾಗ ನಡುಮನೆಯಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಮುಗಿದ ಮೇಲೆ ಅತ್ತೆ ಕಣ್ಣು ಒರೆಸಿಕೊಂಡು ಸುಮಾರು ಹೊತ್ತು ಕೂತಿದ್ದರು. ಆಮೇಲೆ ಮಗನ ಕಡೆ ತಿರುಗಿ, ಎಲ್ಲರ ಎದುರಿಗೇ, "ನೀನು ಆ ಸತೀಶನ ಥರ ಆಗ್ಬೇಡ ಕಣೋ. ಇವತ್ತಿಂದ ಹಾಸಿಗೆ ಒಳಗೆ ಹಾಕ್ಕೋ" ಅಂದರು.

ಮೈದುನ ತಲೆ ಎತ್ತಲಿಲ್ಲ. ಅವಳೂ ಏನೂ ಅನ್ನಲಿಲ್ಲ, ಮಗುವನ್ನು ತೊಡೆಯಿಂದ ಇಳಿಸಿ ಕಾಫಿ ಲೋಟ ತೊಳೆಯಲು ಒಳಗೆ ಹೋದಳು. ಇದುವರೆಗೆ ಎಲ್ಲ ಮೈದುನನ ಮಾತಾಯಿತಲ್ಲ, ನಾನು ಬಚಾವಾದೆ ಅಂದುಕೊಂಡೆ. ಬಚಾವಾಗಲಿಲ್ಲ. ಹಿಂದೆಯೇ ನಾನೂ ಒಳಗೆ ಹೋದೆ. ಅವಳು ಲೋಟ ಬೋರಲು ಹಾಕುತ್ತಾ, ನನ್ನ ಕಡೆ ತಿರುಗದೆ, "ಅಕ್ಕ, ಈಳಿಗೆಮಣೆ ಎಲ್ಲಿಟ್ಟಿದೀರಿ? ನಾಳೆ ಹುಳಿಗೆ ಸೌತೆಕಾಯಿ ಹೆಚ್ಚಬೇಕಲ್ಲ" ಅಂತ ಕೇಳಿದಳು.

ಎರಡು ತಿಂಗಳಿಂದ ಅವಳಿಗೆ ಗೊತ್ತಿತ್ತು. ಒಂದು ಅಡಿಗೆಮನೆಯಲ್ಲಿ ಈಳಿಗೆಮಣೆ ಇಲ್ಲದಿರುವುದು ಯಾವ ಹೆಂಗಸಿನ ಕಣ್ಣಿಗೆ ಬೀಳುವುದಿಲ್ಲ? ದಿನಾ ಬೆಳಿಗ್ಗೆ ಹಿತ್ತಲಿನಿಂದ ನಾನು ಹೆಚ್ಚಿ ತಂದ ತರಕಾರಿ ನೋಡಿಕೊಂಡು, ಒಂದು ಮಾತಾಡದೆ ಇದ್ದಳು. ನಾನು ಏಣಿ ಹಾಕಿ ಅಟ್ಟ ಹತ್ತಿದೆ. ಗೋಣಿಚೀಲ ಕೆಳಗಿಳಿಸಿ ಬಿಚ್ಚಿದೆ. ಈಳಿಗೆಗೆ ತುಕ್ಕು ಹಿಡಿದಿತ್ತು. ಅವಳೇ ಹುಣಿಸೆಹಣ್ಣು ಹಾಕಿ ತಿಕ್ಕಿದಳು. ನನಗೆ ಕ್ಷಮಿಸು ಅನ್ನಲು ಬಾಯಿ ಬರಲಿಲ್ಲ, ಅವಳೂ ಅದಕ್ಕೆ ಕಾದವಳ ಹಾಗೆ ಕಾಣಲಿಲ್ಲ. ಮಾರನೇ ದಿನ ಮಗುವಿಗೆ ನೀರು ಹಾಕುವಾಗ ನಾನು ಬಿಸಿನೀರು ತೋಡಿಕೊಡುವವಳಾದೆ, ಕಾಲ ಮೇಲೆ ಮಗು ಮಲಗಿಸಿಕೊಂಡವಳು ಅವಳು. ಕೈ ಸ್ವಲ್ಪ ನಡುಗುತ್ತಿತ್ತು. ಮಾತ್ರೆಯಿಂದ ಹಾಗಾಗಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದರು.

ಎಲ್ಲ ಒಂದೇ ದಿನದಲ್ಲಿ ಸರಿಹೋಯಿತು ಅಂತ ತಿಳಿಯಬೇಡಿ, ಸಂಸಾರ ಸಿನಿಮಾ ಅಲ್ಲ. ಮೈದುನ ಒಂದು ವಾರ ಜಗುಲಿ, ಒಂದು ವಾರ ಒಳಗೆ ಅಂತ ಓಲಾಡಿದ. ಬಚ್ಚಲ ಚಿಲಕ ಹಾಕಿಸಲು ನನಗೇ ಮತ್ತೂ ಒಂದು ತಿಂಗಳು ಬೇಕಾಯಿತು. ಆದರೆ ಮನೆಯಲ್ಲಿ ಯಾರಾದರೂ ಹಳೇ ಚಾಳಿಗೆ ಇಳಿದರೆ ಅತ್ತೆ "ಶರಪಂಜರ, ಶರಪಂಜರ" ಅನ್ನುತ್ತಿದ್ದರು. ಒಂದು ಸಲ ನಾನು "ಮಾತ್ರೆ" ಅಂತ ಬಾಯಿ ತೆರೆದದ್ದಕ್ಕೆ ಅವಳೇ ನಗುತ್ತಾ "ಶರಪಂಜರ ಅಕ್ಕ!" ಅಂದಳು. ಮುಂದಿನ ವರಮಹಾಲಕ್ಷ್ಮಿಗೆ ಅದೇ ಪಕ್ಕದ ಬೀದಿಯವರು ಬಂದಾಗ ಅತ್ತೆ ಕುಂಕುಮ ತೆಗೆದುಕೊಳ್ಳದೆ ಕೈ ಕಟ್ಟಿ ಕೂತರು, "ಮೊದ್ಲು ನಮ್ಮ ಚಿಕ್ಕ ಸೊಸೆಗೆ ಕೊಡಿ" ಅಂದರು. ಕೊಟ್ಟರು.

ಈಗ ಸ್ವಲ್ಪ ತಿಳಿದುಕೊಳ್ಳಬೇಕಾದ ಮಾತು, ಕತ್ತರಿಸಿ ಇಟ್ಟುಕೊಂಡರೂ ತಪ್ಪಿಲ್ಲ. ಹೆತ್ತ ಎರಡು ಮೂರು ದಿನಕ್ಕೆ ಕಾರಣವಿಲ್ಲದೆ ಅಳು ಬರುವುದು, ಸಿಡುಕುವುದು ಅರ್ಧಕ್ಕಿಂತ ಹೆಚ್ಚು ಬಾಣಂತಿಯರಿಗೆ ಉಂಟು. ಎರಡು ವಾರದೊಳಗೆ ತಾನಾಗಿ ಹೋಗುತ್ತದೆ, ಒಳ್ಳೆಯ ಮಾತು, ನಿದ್ದೆ ಸಾಕು. ಎರಡು ವಾರ ದಾಟಿದರೂ ಮಂಕು ಬಿಡದೆ, ಮಗುವಿನ ಮೇಲೂ ಆಸೆ ಇಲ್ಲದೆ, ಬದುಕು ಬೇಡ ಅನ್ನಿಸುತ್ತಿದ್ದರೆ ಅದು ಖಿನ್ನತೆ, ಡಾಕ್ಟರಿಗೆ ತೋರಿಸಲೇಬೇಕು. ನನ್ನ ಓರಗಿತ್ತಿಗೆ, ಕಾವೇರಿಗೆ ಬಂದಂಥದ್ದು ಇವೆರಡೂ ಅಲ್ಲ. ಸಾವಿರ ಹೆರಿಗೆಯಲ್ಲಿ ಒಬ್ಬರಿಗೋ ಇಬ್ಬರಿಗೋ ಬರುತ್ತದೆ, ಸಾಮಾನ್ಯವಾಗಿ ಮೊದಲ ಎರಡು ವಾರದಲ್ಲೇ. ನಿದ್ದೆ ಪೂರ್ತಿ ಹೋಗುವುದು, ಇಲ್ಲದ್ದು ಕಾಣುವುದು ಕೇಳುವುದು, ಮಗುವಿನ ವಿಷಯದಲ್ಲಿ ವಿಚಿತ್ರ ಅನುಮಾನ, ಇವು ಗುರುತು. ಅಂಥ ಹೊತ್ತಿನಲ್ಲಿ ತಾಯಿ ಮಗು ಇಬ್ಬರನ್ನೇ ಬಿಡಬಾರದು, ಯಂತ್ರ ಮಂತ್ರಕ್ಕೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ನಾವು ಜಾಗ್ರತೆ ಮಾಡಿದ್ದು ತಪ್ಪಲ್ಲ ಸೋದರಿಯರೇ. ಜಾಗ್ರತೆ ಬೇಕಾಗಿದ್ದ ಆ ಮೊದಲ ವಾರ ಮಾಡದೆ, ಗುಣವಾದ ಮೇಲೆ ಮಾಡಿದೆವು.

ಚಿತ್ರ ಬಂದಾಗ ಜನ ಬಾಯಿತುಂಬ ಹುಚ್ಚಾಸ್ಪತ್ರೆ ಅಂತಲೇ ಅನ್ನುತ್ತಿದ್ದರು. ಬೆಂಗಳೂರಿನ ನಿಮ್ಹಾನ್ಸ್ ಆ ಹೆಸರಿನಲ್ಲಿ ಆದದ್ದು 1974ರಲ್ಲಿ. ಅಲ್ಲಿ 2009ರಲ್ಲೇ ತಾಯಿಯ ಜೊತೆ ಮಗುವನ್ನೂ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ ಶುರುವಾಗಿತ್ತು. ನಮಗೆ 2012ರಲ್ಲಿ ಅದು ಗೊತ್ತಿರಲಿಲ್ಲ. ಐದು ವಾರ ಮಗು ಅಜ್ಜಿಯ ಕೈಯಲ್ಲಿ ಬಾಟಲಿ ಹಾಲು ಕುಡಿಯಿತು. 2022ರಿಂದ ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಯಾವಾಗಲಾದರೂ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಮತ್ತೆ, ಒಂದು ಸಲ ಬಂದವರಿಗೆ ಮುಂದಿನ ಹೆರಿಗೆಯಲ್ಲೂ ಬರುವ ಸಂಭವ ಹೆಚ್ಚು. ಎರಡನೆಯದು ಬೇಕೆಂದರೆ ಬಸುರಾಗುವ ಮೊದಲೇ ಡಾಕ್ಟರನ್ನು ಕೇಳಬೇಕು. ನನ್ನ ಓರಗಿತ್ತಿ ಮೈದುನ ಇಬ್ಬರೂ ಕೂತು ಯೋಚಿಸಿ ಒಂದೇ ಸಾಕು ಅಂದರು. ಆ ಒಂದು ಈಗ ಹೈಸ್ಕೂಲಿನಲ್ಲಿದೆ, ಅಡಿಗೆಮನೆ ಕಡೆ ತಲೆ ಹಾಕುವುದಿಲ್ಲ, ಅದು ಬೇರೆ ಪುರಾಣ.

ಕಾಗದ ಬರೆದ ಸೋದರಿ, ನಿಮ್ಮ ಅತ್ತೆ ಅಳುವ ಚಿತ್ರ ಯಾವುದು ಅಂತ ನೀವು ಬರೆದಿಲ್ಲ. ಇನ್ನೊಂದು ಸಲ ಹಾಕಿದಾಗ ಪಾತ್ರೆ ತಿಕ್ಕುವುದು ಬಿಟ್ಟು ನೀವೂ ಜೊತೆಗೆ ಕೂತು ನೋಡಿ. ಅವರು ಯಾವ ಜಾಗದಲ್ಲಿ ಅಳುತ್ತಾರೆ ಅನ್ನುವುದನ್ನು ಗಮನಿಸಿ, ನನಗೂ ಬರೆಯಿರಿ. ಅವರು ಸೊಸೆಯಾಗಿದ್ದಾಗಿನ ಸಂಗತಿ ಏನಾದರೂ ಅಲ್ಲಿ ಇದ್ದೀತು.

ಈ ಬರಹವನ್ನು ಕಳಿಸುವ ಮೊದಲು ನನ್ನ ಓರಗಿತ್ತಿಗೆ ಓದಲು ಕೊಟ್ಟೆ. ಒಲೆಯ ಮೇಲೆ ಹಾಲಿಟ್ಟು ನಿಂತೇ ಓದಿದಳು, ಹಾಲು ಉಕ್ಕಿಸಿದಳು. ಎಲ್ಲ ಸರಿಯಿದೆ ಅಂದಳು, ಒಂದು ಮಾತು ಮಾತ್ರ ತಪ್ಪಂತೆ. "ಅವತ್ತು ಸೌತೆಕಾಯಿ ಅಲ್ಲ ಅಕ್ಕ, ಬೂದುಗುಂಬಳ. ನಿಮಗೆ ಅದನ್ನ ಹೆಚ್ಚೋಕೆ ಆಗಲ್ಲ ಅಂತಾನೇ ನಾನು ಕೇಳಿದ್ದು" ಅಂದಳು. ನನಗೇನೋ ಸೌತೆಕಾಯಿ ಅಂತಲೇ ನೆನಪು.